ಪಟ್ಟಿಯಲ್ಲಿ ಹೆಸರಿದೆ, ಯೋಜನೆಯಲ್ಲಿ ದಾರಿಯಿಲ್ಲ

ಜಪಾನಿನ ಹೊಕ್ಕೈಡೊ ದ್ವೀಪದ ಕಡಲಂಚಿನಲ್ಲಿ ಉರಕಾವ ಎಂಬ ಸಣ್ಣ ಊರಿದೆ. ಸ್ಕಿಜೋಫ್ರೇನಿಯಾದಂಥ ಮನೋರೋಗಗಳೊಂದಿಗೆ ಬದುಕುವವರು 1984ರಲ್ಲಿ ಅಲ್ಲಿ ‘ಬೆಥೆಲ್ ಹೌಸ್’ ಎಂಬ ಬಳಗ ಕಟ್ಟಿಕೊಂಡರು. ಕಡಲ ಪಾಚಿಯನ್ನು ಪೊಟ್ಟಣ ಕಟ್ಟಿ ಮಾರುವುದು ಅವರ ಜೀವನೋಪಾಯಗಳಲ್ಲೊಂದು. ಭೂಕಂಪವೂ ಸುನಾಮಿಯೂ ತಪ್ಪದ ಊರಾದ್ದರಿಂದ ಓಡಬೇಕಾದಾಗ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಬೇಗ ಹೋಗಬೇಕು ಎಂಬುದನ್ನು ಅವರು ಮೊದಲೇ ಕಲಿತುಕೊಳ್ಳಲು ಹೊರಟರು. ಸರ್ಕಾರದ ಕರಪತ್ರಗಳು ಅವರಿಗೆ ಹಿಡಿಸಲಿಲ್ಲ. ಓದುತ್ತಾ ಹೋದರೆ ಗಾಬರಿ ಹೆಚ್ಚುತ್ತಿತ್ತು, ದಾರಿ ಮಾತ್ರ ತಿಳಿಯುತ್ತಿರಲಿಲ್ಲ. ಹಾಗಾಗಿ ತಂತ್ರಜ್ಞರ ನೆರವಿನಿಂದ ತಮ್ಮದೇ ಕೈಪಿಡಿ ಮಾಡಿಕೊಂಡರು. ಅದರಲ್ಲಿ ತಮ್ಮದೇ ಬೀದಿಯ ಚಿತ್ರಗಳಿದ್ದವು, ಒಂದೊಂದು ಹೆಜ್ಜೆಗೂ ಒಂದೊಂದು ಸರಳ ವಾಕ್ಯವಿತ್ತು, ಅದನ್ನು ಓದಿ ಹೇಳುವ ದನಿಯಿತ್ತು. ಚಳಿಗಾಲದಲ್ಲೂ ಕತ್ತಲಲ್ಲೂ ಗುಡ್ಡ ಹತ್ತಿ ಅಭ್ಯಾಸ ಮಾಡಿದರು. 2011ರ ಮಾರ್ಚ್ 11ರಂದು ನೆಲ ನಡುಗಿದಾಗ ಅವರು ಅಭ್ಯಾಸ ಮಾಡಿದ್ದ ದಾರಿಯಲ್ಲೇ ನಡೆದು ಎತ್ತರಕ್ಕೆ ಸೇರಿಕೊಂಡರು. ಉರಕಾವದ ಬಂದರಿಗೆ ಎರಡೂವರೆ ಮೀಟರ್‌ಗೂ ಎತ್ತರದ ಅಲೆ ಅಪ್ಪಳಿಸಿತು. ಬೆಥೆಲ್ ಬಳಗದವರು ಸುರಕ್ಷಿತವಾಗಿದ್ದರು.

ಅದೇ ದಿನ ಜಪಾನಿನ ಈಶಾನ್ಯ ಕರಾವಳಿಯಲ್ಲಿ ನಡೆದದ್ದು ಬೇರೆಯೇ ಕತೆ. ಸುನಾಮಿ ಬಡಿದ ಊರುಗಳಲ್ಲಿ ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಿತ್ತು ಎಂದು ಆಮೇಲಿನ ಲೆಕ್ಕಗಳು ತೋರಿಸಿದವು. ವಿಪತ್ತಿನ ಸಿದ್ಧತೆಯಲ್ಲಿ ಜಗತ್ತಿಗೇ ಪಾಠ ಹೇಳುವ ದೇಶದಲ್ಲಿ ಹೀಗಾಯಿತು.

ಅಲೆಗೂ ಬೆಂಕಿಗೂ ಯಾರು ಕಾಣುವವರು, ಯಾರು ಕಾಣದವರು ಎಂಬ ಭೇದವಿಲ್ಲ. ಭೇದವಿರುವುದು ಯೋಜನೆಯಲ್ಲಿ. ಕಳೆದ ಕಾಲು ಶತಮಾನದ ದುರಂತಗಳನ್ನೂ ಅವುಗಳ ಬೆನ್ನಿಗೆ ಎದ್ದ ಹೋರಾಟಗಳನ್ನೂ ಒಟ್ಟಿಗಿಟ್ಟು ನೋಡಿದರೆ ಎರಡು ಸಂಗತಿಗಳು ಕಾಣುತ್ತವೆ. ಅಂಗವಿಕಲರನ್ನು ‘ಹೊತ್ತು ಸಾಗಿಸಬೇಕಾದ ಭಾರ’ ಎಂದು ಎಣಿಸಿದ ಕಡೆಯಲ್ಲೆಲ್ಲ ಯೋಜನೆ ಸೋತಿದೆ. ಯೋಜನೆ ಬರೆಯುವ ಮೇಜಿನ ಮುಂದೆ ಅವರೇ ಕೂತ ಕಡೆ ಅದು ಸ್ವಲ್ಪವಾದರೂ ಗೆದ್ದಿದೆ. ಆ ಕುರ್ಚಿಯೂ ಎಲ್ಲಿಯೂ ಸುಮ್ಮನೆ ಸಿಕ್ಕಿದ್ದಲ್ಲ.

ಸಾವು ಹೇಳಿದ ಸತ್ಯಗಳು

ಭಾರತದ ಮಟ್ಟಿಗೆ ಈ ಚರ್ಚೆ ಏರ್ವಾಡಿಯಿಂದ ಶುರುವಾಗಬೇಕು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ಊರಿನ ದರ್ಗಾಕ್ಕೆ ಮಾನಸಿಕ ಕಾಯಿಲೆಯವರನ್ನು ಕರೆತರುವುದು ಹಳೆಯ ರೂಢಿ. ಸುತ್ತಮುತ್ತ ಅವರನ್ನಿಟ್ಟುಕೊಳ್ಳುವ ಖಾಸಗಿ ‘ಮನೆ’ಗಳಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದೊಂದು ಮನೆಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಯಾವ ರೂಪದಲ್ಲೂ ಸರಪಳಿ ಬಿಗಿಯುವಂತಿಲ್ಲ ಎಂದು ಬರೆದೇ ಹೇಳಿತು. ಏರ್ವಾಡಿಯಲ್ಲಿ ಅವರನ್ನು ಕೊಂದದ್ದು ಬೆಂಕಿ ನಿಜ. ಆದರೆ ಓಡಲಾಗದಂತೆ ಮಾಡಿದ್ದು ಅವರ ಕಾಯಿಲೆಯಲ್ಲ, ಕಬ್ಬಿಣ.

ನಾಲ್ಕು ವರ್ಷಗಳ ನಂತರ, 2005ರ ಆಗಸ್ಟ್ ಕೊನೆಯಲ್ಲಿ, ಅಮೆರಿಕದ ಲೂಸಿಯಾನಾ ರಾಜ್ಯಕ್ಕೆ ಕತ್ರೀನಾ ಚಂಡಮಾರುತ ಬಂದಿತು. ನ್ಯೂ ಆರ್ಲಿಯನ್ಸ್ ನಗರ ಬಿಟ್ಟುಹೋಗಿ ಎಂಬ ಆದೇಶವೇನೋ ಹೊರಟಿತು. ಸ್ವಂತ ಕಾರಿಲ್ಲದವರು, ಗಾಲಿಕುರ್ಚಿಯವರು, ಹಾಸಿಗೆ ಹಿಡಿದವರು ಹೋಗುವುದು ಹೇಗೆಂಬುದಕ್ಕೆ ಆದೇಶದಲ್ಲಿ ಉತ್ತರವಿರಲಿಲ್ಲ. ಪಕ್ಕದ ಸೇಂಟ್ ಬರ್ನಾರ್ಡ್ ಪ್ರದೇಶದ ಒಂದೇ ವೃದ್ಧಾಶ್ರಮದಲ್ಲಿ 35 ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಲೂಸಿಯಾನಾದಲ್ಲಿ ಸತ್ತವರ ಪೈಕಿ ಸುಮಾರು ಅರ್ಧದಷ್ಟು ಜನ 75 ವರ್ಷ ದಾಟಿದವರು. ಮರುವರ್ಷವೇ ಅಮೆರಿಕದ ಸಂಸತ್ತು ತುರ್ತು ನಿರ್ವಹಣಾ ಕಾನೂನನ್ನು ತಿದ್ದಿ, ಫೆಮಾ ಎಂಬ ಕೇಂದ್ರ ಸಂಸ್ಥೆಯಲ್ಲಿ ಅಂಗವೈಕಲ್ಯ ಸಂಯೋಜಕರ ಹುದ್ದೆ ಸೃಷ್ಟಿಸಿತು.

ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿಗಳ ವಸತಿ ಕಟ್ಟಡ. 2017ರ ಜೂನ್ 14ರ ನಡುರಾತ್ರಿಯ ಬೆಂಕಿಗೆ ಅಲ್ಲಿ 72 ಜನ ಬಲಿಯಾದರು. ಅಗ್ನಿಶಾಮಕ ದಳದವರು ಮೊದಲು ಕೊಟ್ಟ ಸಲಹೆ ‘ನಿಮ್ಮ ನಿಮ್ಮ ಮನೆಯಲ್ಲೇ ಇರಿ’ ಎಂಬುದು. ಅದನ್ನು ಹಿಂತೆಗೆದುಕೊಂಡಾಗ ಗಂಟೆ 2.47 ಆಗಿತ್ತು. ಅಷ್ಟು ಹೊತ್ತಿಗೆ ಹೊಗೆ ತುಂಬಿದ ಒಂದೇ ಮೆಟ್ಟಿಲ ದಾರಿಯಲ್ಲಿ ಇಳಿಯುವುದು ಗಟ್ಟಿಮುಟ್ಟಾದವರಿಗೂ ಕಷ್ಟವಾಗಿತ್ತು. ಆ ಕಟ್ಟಡದಲ್ಲಿದ್ದ 37 ಅಂಗವಿಕಲ ನಿವಾಸಿಗಳಲ್ಲಿ 15 ಮಂದಿ ಸತ್ತರು.

ಇದಕ್ಕೆ ಎದುರಾಗಿ ಇನ್ನೊಂದು ಎತ್ತರದ ಕಟ್ಟಡದ ಕತೆಯೂ ಇದೆ. 1993ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಬಾಂಬ್ ಸಿಡಿದಾಗ ಗಾಲಿಕುರ್ಚಿ ಬಳಸುವವರನ್ನು ಕೆಳಗಿಳಿಸಲು ಗಂಟೆಗಟ್ಟಲೆ ಹಿಡಿಯಿತು. ಅದರ ನಂತರ ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ವಿಶೇಷ ಕುರ್ಚಿಗಳನ್ನು ಖರೀದಿಸಿ ಮಹಡಿಗಳಲ್ಲಿ ಇಡಲಾಯಿತು. 2001ರ ಸೆಪ್ಟೆಂಬರ್ 11ರಂದು 69ನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ, ಗಾಲಿಕುರ್ಚಿ ಬಳಸುವ ನೌಕರರೊಬ್ಬರನ್ನು ಸಹೋದ್ಯೋಗಿಗಳು ಅಂಥ ಕುರ್ಚಿಯಲ್ಲಿ ಕೂರಿಸಿ ಕೆಳಕ್ಕೆ ತಂದರು. ಕಟ್ಟಡ ಕುಸಿಯಿತು, ಅವರು ಬದುಕಿದರು. ಕುರ್ಚಿ ತಂದಿಟ್ಟದ್ದು ಎಂಟು ವರ್ಷಗಳ ಹಿಂದಿನ ತೀರ್ಮಾನ.

ಯೋಜನೆ ಮುಗ್ಗರಿಸುವ ಜಾಗಗಳು

ದೇಶ ಯಾವುದಾದರೂ ಯೋಜನೆ ಎಡವುವ ಜಾಗಗಳು ಮಾತ್ರ ಹೆಚ್ಚುಕಡಿಮೆ ಅವೇ. ಮೊದಲನೆಯದು ಎಚ್ಚರಿಕೆ. ಸೈರನ್, ಡಂಗುರ, ಜೀಪಿನ ಮೈಕು ಕಿವುಡರ ಪಾಲಿಗೆ ಇಲ್ಲ. ಟಿ.ವಿ. ಪರದೆಯ ಕೆಳಗೆ ಓಡುವ ಅಕ್ಷರ ಅಂಧರ ಪಾಲಿಗೆ ಇಲ್ಲ. ಹವಾಮಾನ ಇಲಾಖೆಯ ‘ಆರೆಂಜ್ ಅಲರ್ಟ್’ ಎಂದರೆ ಏನು ಮಾಡಬೇಕು ಎಂಬುದು ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಮಾತ್ರವಲ್ಲ, ಊರಿನ ಬಹುಪಾಲು ಜನರಿಗೆ ತಿಳಿಯದು. ಒಂದೇ ಸುದ್ದಿಯನ್ನು ದನಿಯಾಗಿ, ಬರಹವಾಗಿ, ಸನ್ನೆ ಭಾಷೆಯಾಗಿ, ಚಿತ್ರವಾಗಿ, ಕಂಪನವಾಗಿ ಮುಟ್ಟಿಸಬೇಕು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳೆಲ್ಲ ಒಮ್ಮೆಲೇ ಕಿರುಚಿ ಅದುರಿದ್ದು ನೆನಪಿರಬಹುದು. ಅದು ತುರ್ತು ಎಚ್ಚರಿಕೆಯ ಪ್ರಯೋಗ. ಕಿವಿ ಕೇಳಿಸದವರಿಗೂ ತಲುಪಬಲ್ಲ ಎಚ್ಚರಿಕೆ ಅಸಾಧ್ಯವಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಎರಡನೆಯದು ದಾರಿ. ಪ್ರವಾಹ ಬಂದಾಗ ನಮ್ಮಲ್ಲಿ ನೆರವಿಗೆ ಬರುವುದು ಟ್ರ್ಯಾಕ್ಟರ್, ಲಾರಿ, ಸಾರಿಗೆ ಬಸ್ಸು, ರಬ್ಬರ್ ದೋಣಿ. ಇವುಗಳಲ್ಲಿ ಯಾವುದಕ್ಕೂ ಗಾಲಿಕುರ್ಚಿ ಏರುವುದಿಲ್ಲ. ಮನುಷ್ಯರನ್ನು ಎತ್ತಿಕೊಂಡು ಹೋಗುತ್ತಾರೆ, ಕುರ್ಚಿ ಹಿಂದೆಯೇ ಉಳಿಯುತ್ತದೆ. ಊರುಗೋಲು, ಶ್ರವಣ ಸಾಧನ, ಕೃತಕ ಕಾಲು, ತ್ರಿಚಕ್ರ ಸ್ಕೂಟರ್ ನೀರುಪಾಲಾದ ಮೇಲೆ ಜೀವ ಉಳಿದರೂ ಸ್ವಾತಂತ್ರ್ಯ ಉಳಿಯುವುದಿಲ್ಲ. ಬೆಳೆ, ಮನೆ, ದನಕರು ಹಾನಿಗೆ ಪರಿಹಾರ ಕೇಳುವವರ ಸಾಲಿನಲ್ಲಿ ಈ ನಷ್ಟದ ದನಿ ಕೇಳಿಸುವುದೇ ಕಡಿಮೆ.

ಮೂರನೆಯದು ತಂಗುವ ಜಾಗ. ಶಾಲೆಯ ಬಾಗಿಲಿಗೆ ಇಳಿಜಾರು ದಾರಿಯಿದ್ದರೂ ಶೌಚಾಲಯಕ್ಕೆ ಎರಡು ಮೆಟ್ಟಿಲಿದ್ದರೆ ಅಲ್ಲಿ ಮೂರು ದಿನ ಕಳೆಯುವುದು ಹೇಗೆ? ನೂರಾರು ಜನ ಗಿಜಿಗುಡುವ ಸಭಾಂಗಣದಲ್ಲಿ ಆಟಿಸಂ ಇರುವ ಮಗು ಕಿರುಚಿದರೆ ತಾಯಿಯ ಪಾಲಿಗೆ ಬರುವುದು ಸುತ್ತಲಿನವರ ಕೆಂಗಣ್ಣು. ಎಷ್ಟೋ ಕುಟುಂಬಗಳು ಆ ಕೆಂಗಣ್ಣಿಗೆ ಹೆದರಿಯೇ ನೀರು ಏರುತ್ತಿದ್ದರೂ ಮನೆ ಬಿಡುವುದಿಲ್ಲ.

ನಾಲ್ಕನೆಯದು ಔಷಧಿ ಮತ್ತು ವಿದ್ಯುತ್. ಮೂರ್ಛೆ ರೋಗದ ಗುಳಿಗೆ, ಮನೋರೋಗದ ಗುಳಿಗೆ ಒಂದು ವಾರ ತಪ್ಪಿದರೆ ಆಗುವ ಅನಾಹುತಕ್ಕೆ ಬೇರೆ ಪ್ರವಾಹವೇ ಬೇಕಿಲ್ಲ. ಉಸಿರಾಟದ ಯಂತ್ರ ನಂಬಿದವರಿಗೆ ಕರೆಂಟು ಹೋಗುವುದೇ ವಿಪತ್ತು.

ಕೋವಿಡ್ ಈ ಎಲ್ಲ ದೋಷಗಳನ್ನೂ ಒಂದೇ ಬಾರಿಗೆ ಬಯಲಿಗೆ ತಂದಿತು. ಸನ್ನೆ ಭಾಷೆಯವರಿಗೆ ಎದುರಿಗಿರುವವರ ಮುಖ ಮಾಸ್ಕಿನಲ್ಲಿ ಮುಚ್ಚಿಹೋಯಿತು. ಮುಟ್ಟಿ ತಿಳಿಯುವ ಅಂಧರಿಗೆ ಮುಟ್ಟುವುದೇ ನಿಷಿದ್ಧವಾಯಿತು. ಮನೆಗೆ ಬರುತ್ತಿದ್ದ ಸಹಾಯಕರಿಗೆ ಪಾಸ್ ಇರಲಿಲ್ಲ. ಲಾಕ್‌ಡೌನ್ ಘೋಷಣೆಯಾದ ಮೇಲೆ, 2020ರ ಮಾರ್ಚ್ 26ರಂದು, ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಲಸಿಕೆ ಬಂದಾಗ, ನೋಂದಣಿಗಿದ್ದ ಕೋವಿನ್ ಜಾಲತಾಣವನ್ನು ದೃಷ್ಟಿದೋಷ ಇರುವವರು ಬಳಸಲಾಗುತ್ತಿಲ್ಲ ಎಂದು 2021ರ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಂಗ್ಲೆಂಡಿನಲ್ಲಿ 2020ರಲ್ಲಿ ಕೋವಿಡ್‌ನಿಂದ ಸತ್ತ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಆರು ಜನ ಅಂಗವಿಕಲರು ಎಂದು ಅಲ್ಲಿನ ಅಂಕಿಸಂಖ್ಯೆ ಕಚೇರಿ ಲೆಕ್ಕ ಕೊಟ್ಟಿತು.

ಕೋರ್ಟಿನ ಮೆಟ್ಟಿಲು

ಮನವಿ ಪತ್ರಗಳಿಗೆ ಬಗ್ಗದ ಆಡಳಿತವನ್ನು ಅಂಗವಿಕಲರ ಸಂಘಟನೆಗಳು ನ್ಯಾಯಾಲಯಕ್ಕೆ ಎಳೆದ ಉದಾಹರಣೆಗಳು ಅಮೆರಿಕದಲ್ಲಿ ಹೆಚ್ಚು. ಅದಕ್ಕೆ ಕಾರಣ 1990ರಲ್ಲಿ ಅಲ್ಲಿ ಅಂಗೀಕಾರವಾದ ಅಂಗವಿಕಲರ ಕಾಯ್ದೆ. ಸರ್ಕಾರದ ಯಾವುದೇ ಸೇವೆಯಲ್ಲಿ ಅಂಗವಿಕಲರನ್ನು ಹೊರಗಿಡುವುದು ತಾರತಮ್ಯ ಎನ್ನುತ್ತದೆ ಅದು. ತುರ್ತು ಯೋಜನೆಯೂ ಒಂದು ಸೇವೆ ತಾನೆ? ಇದೇ ವಾದ ಹಿಡಿದು ಲಾಸ್ ಏಂಜಲೀಸಿನ ಸಂಘಟನೆಯೊಂದು ನಗರಾಡಳಿತದ ಮೇಲೆ ದಾವೆ ಹೂಡಿ 2011ರಲ್ಲಿ ಗೆದ್ದಿತು.

ಅದೇ ವರ್ಷ ಐರೀನ್ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಗಾಲಿಕುರ್ಚಿ ಬಳಕೆದಾರರು ಆಶ್ರಯ ಕೇಂದ್ರಗಳ ಬಾಗಿಲಿಂದ ಹಿಂದಿರುಗಬೇಕಾಯಿತು. ಬ್ರೂಕ್ಲಿನ್ನಿನ ಅಂಗವಿಕಲರ ಸ್ವಾವಲಂಬನಾ ಕೇಂದ್ರವೂ ಅದರ ಜೊತೆಗಾರ ಸಂಸ್ಥೆಯೂ ಕೋರ್ಟಿಗೆ ಹೋದವು. ಮೊಕದ್ದಮೆ ನಡೆಯುತ್ತಿರುವಾಗಲೇ, 2012ರ ಅಕ್ಟೋಬರಿನಲ್ಲಿ, ಸ್ಯಾಂಡಿ ಚಂಡಮಾರುತ ಬಂದು ಅವರ ವಾದಕ್ಕೆ ಸಾಕ್ಷಿ ಹೇಳಿತು. ಲಿಫ್ಟ್ ನಿಂತ ಬಹುಮಹಡಿ ಕಟ್ಟಡಗಳಲ್ಲಿ ಜನ ದಿನಗಟ್ಟಲೆ ಮೇಲೆಯೇ ಸಿಕ್ಕಿಬಿದ್ದರು. 2013ರ ನವೆಂಬರ್ 7ರಂದು ನ್ಯಾಯಾಧೀಶ ಜೆಸ್ಸಿ ಫರ್ಮನ್ ತೀರ್ಪು ಕೊಟ್ಟರು: ನಗರದ ಸುಮಾರು 9 ಲಕ್ಷ ಅಂಗವಿಕಲರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಕಾನೂನಿನ ಉಲ್ಲಂಘನೆ. ಬೇಕೆಂದೇ ಕೆಡುಕು ಬಯಸಿದವರು ಯಾರೂ ಇರಲಿಲ್ಲ, ಇದ್ದದ್ದು ಉಪೇಕ್ಷೆ ಎಂಬುದೇ ಆ ತೀರ್ಪಿನ ಸಾರ. ಮರುವರ್ಷದ ಒಪ್ಪಂದದಲ್ಲಿ ಎಲ್ಲರೂ ಬಳಸಬಲ್ಲ ಆಶ್ರಯ ಕೇಂದ್ರಗಳು, ಬಹುಮಹಡಿ ಕಟ್ಟಡಗಳಿಂದ ಇಳಿಸುವ ವ್ಯವಸ್ಥೆ, ಅದಕ್ಕೊಬ್ಬ ಸಂಯೋಜಕರು ಎಲ್ಲವನ್ನೂ ನಗರಾಡಳಿತ ಒಪ್ಪಿಕೊಂಡಿತು.

ಬ್ರಿಟನ್ನಿನ ದಾರಿ ಇನ್ನೂ ಸುತ್ತುಬಳಸಿನದು. ಸ್ವಂತವಾಗಿ ಇಳಿಯಲಾಗದ ಪ್ರತಿ ನಿವಾಸಿಗೂ ವೈಯಕ್ತಿಕ ಪಾರಾಗುವ ಯೋಜನೆ ಇರಬೇಕೆಂದು ಗ್ರೆನ್‌ಫೆಲ್ ವಿಚಾರಣಾ ಆಯೋಗ 2019ರ ಅಕ್ಟೋಬರ್ ವರದಿಯಲ್ಲಿ ಶಿಫಾರಸು ಮಾಡಿತು. ಖರ್ಚು, ಕಾರ್ಯಸಾಧ್ಯತೆ, ಸುರಕ್ಷತೆಯ ನೆಪ ಮುಂದಿಟ್ಟು 2022ರ ಮೇ ತಿಂಗಳಿನಲ್ಲಿ ಸರ್ಕಾರ ಕೈಬಿಟ್ಟಿತು. ಅಂಗವಿಕಲ ಫ್ಲ್ಯಾಟ್ ನಿವಾಸಿಗಳೇ ಕಟ್ಟಿದ್ದ ‘ಕ್ಲಾಡ್ಯಾಗ್’ ಎಂಬ ಗುಂಪು, ಗ್ರೆನ್‌ಫೆಲ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು, ಸಂಸತ್ತಿನ ಕೆಲ ಸದಸ್ಯರು ಬೆನ್ನು ಬಿಡಲಿಲ್ಲ. ಕೊನೆಗೆ 2025ರಲ್ಲಿ ನಿಯಮ ಬಂತು. ಎತ್ತರದ ವಸತಿ ಕಟ್ಟಡಗಳ ಹೊಣೆ ಹೊತ್ತವರು ನೆರವು ಬೇಕಾದ ನಿವಾಸಿಯ ಜೊತೆ ಕೂತು ಮಾತಾಡಿ ಯೋಜನೆ ಮಾಡಬೇಕು. 2026ರ ಏಪ್ರಿಲ್ 6 ಅದರ ಜಾರಿಗೆ ಗೊತ್ತುಪಡಿಸಿದ ದಿನ. ಬೆಂಕಿಗೂ ನಿಯಮಕ್ಕೂ ನಡುವೆ ಸುಮಾರು ಒಂಬತ್ತು ವರ್ಷ.

ನೆರೆಹೊರೆಯ ಬಲ

ಎಲ್ಲ ಹೋರಾಟವೂ ಕೋರ್ಟಿನಲ್ಲಿ ನಡೆಯುವುದಿಲ್ಲ. 2019ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿ ಕಾಡ್ಗಿಚ್ಚಿನ ಭಯಕ್ಕೆ ಲಕ್ಷಾಂತರ ಮನೆಗಳ ಕರೆಂಟು ತೆಗೆಯಿತು. ಉಸಿರಾಟದ ಯಂತ್ರ, ವಿದ್ಯುತ್ ಗಾಲಿಕುರ್ಚಿ, ಫ್ರಿಜ್ಜಿನಲ್ಲಿಡಬೇಕಾದ ಇನ್ಸುಲಿನ್ ನಂಬಿದವರ ಗತಿ ಏನು? ಓಕ್ಲೆಂಡಿನಲ್ಲಿ ಸ್ಟೇಸಿ ಪಾರ್ಕ್ ಮಿಲ್ಬರ್ನ್ ಎಂಬ ಅಂಗವಿಕಲ ಹೋರಾಟಗಾರ್ತಿ ತಮ್ಮ ಗೆಳೆಯರ ಜೊತೆ ‘ಪವರ್ ಟು ಲಿವ್’ ಎಂಬ ಚಳವಳಿ ಶುರುಮಾಡಿದರು. ಕರೆಂಟು ಇರುವ ಮನೆಯವರು ಇಲ್ಲದವರನ್ನು ಕರೆದು ಇಟ್ಟುಕೊಳ್ಳುವುದು, ಬ್ಯಾಟರಿ, ಜನರೇಟರ್ ಹಂಚುವುದು, ಕಂಪನಿಯನ್ನು ಪ್ರಶ್ನಿಸುವುದು ಮೂರೂ ಒಟ್ಟಿಗೆ ನಡೆದವು. ಸಹಾಯ ಪಡೆಯುವವರು ಎಂದು ಊರು ಭಾವಿಸಿದ್ದವರೇ ಸಹಾಯದ ಜಾಲ ನಡೆಸುತ್ತಿದ್ದರು.

ನಮಗೆ ಇನ್ನೂ ಹತ್ತಿರದ ಮಾದರಿ ಬಾಂಗ್ಲಾದೇಶದ ಗೈಬಾಂಧಾ. ಬ್ರಹ್ಮಪುತ್ರ, ತೀಸ್ತಾ ನದಿಗಳು ಹೆಚ್ಚುಕಡಿಮೆ ವರ್ಷ ವರ್ಷವೂ ಉಕ್ಕುವ ಉತ್ತರದ ಬಡ ಜಿಲ್ಲೆ ಅದು. 2009ರಿಂದ ಅಲ್ಲಿ ಸಿಬಿಎಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಢಾಕಾದ ಅಂಗವೈಕಲ್ಯ ಅಭಿವೃದ್ಧಿ ಕೇಂದ್ರ, ಸ್ಥಳೀಯ ಗಣ ಉನ್ನಯನ ಕೇಂದ್ರ ಒಟ್ಟಾಗಿ ಕೆಲಸ ಮಾಡಿದವು. ಮೊದಲ ಹೆಜ್ಜೆ ದೋಣಿಯಲ್ಲ, ಸಂಘ. ಅಂಗವಿಕಲರು ಸ್ವಸಹಾಯ ಗುಂಪುಗಳನ್ನು ಕಟ್ಟಿಕೊಂಡರು. ಆ ಗುಂಪುಗಳ ಪ್ರತಿನಿಧಿಗಳು ವಾರ್ಡ್ ಮಟ್ಟದ ವಿಪತ್ತು ಸಮಿತಿಗೆ ಹೋದರು. ಯಾರ ಮನೆಯಲ್ಲಿ ಯಾರಿಗೆ ಯಾವ ನೆರವು ಬೇಕು, ಎಚ್ಚರಿಕೆ ಹೇಳಲು ಯಾರು ಹೋಗುತ್ತಾರೆ ಎಂಬುದು ಮಳೆಗಾಲಕ್ಕೆ ಮುಂಚೆಯೇ ತೀರ್ಮಾನವಾಗತೊಡಗಿತು. ಮನೆಯ ಅಂಗಳವನ್ನು ನೆರೆಯ ಮಟ್ಟಕ್ಕಿಂತ ಎತ್ತರಿಸುವುದು, ಶಾಲೆಯ ಆಶ್ರಯಕ್ಕೆ ಇಳಿಜಾರು ದಾರಿ ಮತ್ತು ಹಿಡಿಕೆಯಿರುವ ಶೌಚಾಲಯ ಕಟ್ಟುವುದು ಆಮೇಲೆ ಬಂದವು. ಗಾಲಿಕುರ್ಚಿ ಸಮೇತ ಹತ್ತಬಹುದಾದ ರಕ್ಷಣಾ ದೋಣಿಯೂ ಬಂದಿತು. ಗಾಲಿಕುರ್ಚಿಯಲ್ಲಿ ಓಡಾಡುವ ಹೆಣ್ಣುಮಕ್ಕಳು ಪ್ರವಾಹದ ಸಮಿತಿಯಲ್ಲಿ ಮಾತಾಡುವುದನ್ನು ಆ ಊರುಗಳು ಮೊದಲ ಬಾರಿಗೆ ನೋಡಿದವು. ಅಂಥ ದೋಣಿಗಳ ಉಪಯೋಗ ಕಂಡ ಬಾಂಗ್ಲಾ ಸರ್ಕಾರ ತಾನೂ ಅವನ್ನು ಕಟ್ಟಿಸಲು ಮುಂದಾಯಿತು. 2015ರ ಡಿಸೆಂಬರಿನಲ್ಲಿ ಅಂಗವೈಕಲ್ಯ ಮತ್ತು ವಿಪತ್ತು ನಿರ್ವಹಣೆಯ ಬಗ್ಗೆ ಅಂತರರಾಷ್ಟ್ರೀಯ ಘೋಷಣೆಯೊಂದು ಢಾಕಾದಿಂದ ಹೊರಟದ್ದಕ್ಕೆ ಹಿನ್ನೆಲೆ ಇಂಥ ಕೆಲಸಗಳೇ.

ಪಟ್ಟಿಯ ಜಗಳ

ಈ ಕ್ಷೇತ್ರದಲ್ಲಿ ಇನ್ನೂ ಬಗೆಹರಿಯದ ವಾದಗಳಿವೆ. ಅವುಗಳಲ್ಲಿ ದೊಡ್ಡದು ಪಟ್ಟಿಯದು. ಯಾರು ಎಲ್ಲಿದ್ದಾರೆಂದು ತಿಳಿಯದೆ ರಕ್ಷಣೆ ಮಾಡುವುದು ಹೇಗೆ ಎಂದು ಅಧಿಕಾರಿಗಳು ಕೇಳುತ್ತಾರೆ. ನಮ್ಮ ಕಾಯಿಲೆ, ವಿಳಾಸ, ಒಂಟಿಯಾಗಿ ಇರುವ ವಿಷಯ ಯಾರ ಯಾರ ಕೈಗೆ ಹೋಗುತ್ತದೆ ಎಂದು ಅಂಗವಿಕಲರು, ಅದರಲ್ಲೂ ಮಹಿಳೆಯರು ಕೇಳುತ್ತಾರೆ. ಎರಡೂ ಸರಿಯಾದ ಪ್ರಶ್ನೆಗಳೇ. ಜಪಾನಿನಲ್ಲಿ 2011ರ ಸುನಾಮಿಯ ನಂತರ ಅಂಗವಿಕಲರನ್ನು ಹುಡುಕಲು ಹೊರಟ ಸಂಘಟನೆಗಳಿಗೆ ಬಹುತೇಕ ಸ್ಥಳೀಯ ಆಡಳಿತಗಳು ಖಾಸಗಿತನದ ಕಾನೂನು ತೋರಿಸಿ ಪಟ್ಟಿ ಕೊಡಲಿಲ್ಲ. ಕೊಟ್ಟ ಅಪರೂಪದ ಊರುಗಳಲ್ಲಿ ಫುಕುಶಿಮಾದ ಮಿನಾಮಿಸೋಮಾ ಒಂದು. ಅಲ್ಲಿ ಮನೆಮನೆಗೆ ಹೋಗಿ ಉಳಿದವರನ್ನು ಪತ್ತೆಹಚ್ಚಲು ಸಾಧ್ಯವಾಯಿತು. 2013ರಲ್ಲಿ ಜಪಾನ್ ಕಾನೂನು ತಿದ್ದಿ, ನೆರವು ಬೇಕಾದವರ ಪಟ್ಟಿ ಇಡುವುದನ್ನು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡಿತು.

ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಯಾರೂ ಗುಡ್ಡ ಹತ್ತುವುದಿಲ್ಲ. ಆ ಅರಿವಿನಿಂದ 2021ರ ಮತ್ತೊಂದು ತಿದ್ದುಪಡಿ ಪ್ರತಿಯೊಬ್ಬರಿಗೂ ವೈಯಕ್ತಿಕ ಯೋಜನೆ ಮಾಡಲು ಸ್ಥಳೀಯ ಸಂಸ್ಥೆಗಳು ಶ್ರಮಿಸಬೇಕು ಎಂದಿತು. ಇದಕ್ಕೆ ಮಾದರಿ ಒದಗಿಸಿದ್ದು ಬೆಪ್ಪು ನಗರ. ಪ್ರೊಫೆಸರ್ ಶಿಗೆಒ ತಾತ್ಸುಕಿ ಅವರ ನೆರವಿನಿಂದ ಅಲ್ಲಿ ದಿನನಿತ್ಯದ ಆರೈಕೆಯ ಯೋಜನೆ ಮಾಡುವ ಕಾರ್ಯಕರ್ತರೇ ವಿಪತ್ತಿನ ಯೋಜನೆಯನ್ನೂ ಮಾಡುತ್ತಾರೆ. ಆ ವ್ಯಕ್ತಿ, ಅಕ್ಕಪಕ್ಕದವರು, ಕಾರ್ಯಕರ್ತರು ಒಂದೇ ಕೋಣೆಯಲ್ಲಿ ಕೂತು ಯಾರು ಬಾಗಿಲು ತಟ್ಟಬೇಕೆಂದು ನಿರ್ಧರಿಸುತ್ತಾರೆ. ಆಮೇಲೆ ಎಲ್ಲರೂ ಸೇರಿ ಆ ದಾರಿಯಲ್ಲಿ ಒಮ್ಮೆ ನಡೆದು ನೋಡುತ್ತಾರೆ.

ಎರಡನೆಯ ವಾದ ಪ್ರತ್ಯೇಕ ಕೇಂದ್ರಗಳದು. ಅಂಗವಿಕಲರಿಗೆಂದೇ ಬೇರೆ ಆಶ್ರಯ ಮಾಡಿದರೆ ಸೌಲಭ್ಯ ಚೆನ್ನಾಗಿರುತ್ತದೆ ಎಂಬುದು ಒಂದು ಪಕ್ಷ. ಹಾಗೆ ಮಾಡಿದರೆ ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಆಗುತ್ತಾರೆ, ಸಾಮಾನ್ಯ ಕೇಂದ್ರಗಳು ಎಂದೂ ಸುಧಾರಿಸುವುದಿಲ್ಲ ಎಂಬುದು ಇನ್ನೊಂದು. ಅಂಗವಿಕಲರ ಸಂಘಟನೆಗಳು ಹೆಚ್ಚಾಗಿ ಎರಡನೆಯ ಪಕ್ಷದಲ್ಲಿವೆ. ವೈದ್ಯಕೀಯ ಆರೈಕೆ ತಪ್ಪದೆ ಬೇಕಾದವರಿಗೆ ಮಾತ್ರ ಬೇರೆ ವ್ಯವಸ್ಥೆ, ಉಳಿದವರಿಗೆ ಎಲ್ಲರ ಜೊತೆಗೇ ಜಾಗ ಎಂಬುದು ಅವರ ನಿಲುವು.

ಮೂರನೆಯದು ದುಡ್ಡು. ಇಳಿಜಾರು ದಾರಿ ಗಾಲಿಕುರ್ಚಿಗೆ ಎಷ್ಟೋ ಅಷ್ಟೇ ಬಸುರಿಗೂ, ಮಂಡಿನೋವಿನ ಅಜ್ಜಿಗೂ, ಸ್ಟ್ರೆಚರಿಗೂ ಬೇಕು. ಕಟ್ಟುವಾಗಲೇ ಕಟ್ಟಿದರೆ ಖರ್ಚು ಅಲ್ಪ, ಕಟ್ಟಿದ್ದನ್ನು ಒಡೆದು ಮಾಡಿದರೆ ಹೆಚ್ಚು. ಖರ್ಚಿನ ನೆಪ ಹೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಕಾನೂನಿನ ಹಾದಿ

ಅಂತರರಾಷ್ಟ್ರೀಯ ಮಟ್ಟದಲ್ಲಿ ತಿರುವು ಬಂದದ್ದು 2006ರ ಡಿಸೆಂಬರಿನಲ್ಲಿ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಯುದ್ಧ, ವಿಪತ್ತು, ತುರ್ತು ಸನ್ನಿವೇಶಗಳಲ್ಲಿ ರಕ್ಷಣೆ ಕೊಡುವುದನ್ನು ಸರ್ಕಾರಗಳ ಹೊಣೆ ಎಂದಿತು. ಭಾರತ 2007ರ ಅಕ್ಟೋಬರಿನಲ್ಲಿ ಅದನ್ನು ಅಂಗೀಕರಿಸಿತು. 2015ರ ಮಾರ್ಚಿನಲ್ಲಿ ಜಪಾನಿನ ಸೆಂಡಾಯ್ ನಗರದಲ್ಲಿ ಒಪ್ಪಿದ, 2030ರವರೆಗಿನ ವಿಪತ್ತು ಅಪಾಯ ತಗ್ಗಿಸುವ ಚೌಕಟ್ಟು ಅಂಗವಿಕಲರನ್ನು ಬರೀ ಸಂತ್ರಸ್ತರೆನ್ನದೆ ಯೋಜನೆ ರೂಪಿಸುವ ಪಾಲುದಾರರು ಎಂದು ಕರೆಯಿತು. ಆ ಮಾತು ಅಲ್ಲಿ ಸೇರಲು ಅಂಗವಿಕಲರ ಸಂಘಟನೆಗಳು ವರ್ಷಗಟ್ಟಲೆ ದುಡಿದಿದ್ದವು.

ಮಾತಿಗೂ ನೆಲಕ್ಕೂ ಇರುವ ದೂರವನ್ನು ವಿಶ್ವಸಂಸ್ಥೆಯ ಸಮೀಕ್ಷೆಗಳೇ ಅಳೆದಿವೆ. ವಿಪತ್ತು ಎರಗಿದಾಗ ತೊಂದರೆಯಿಲ್ಲದೆ ಕೂಡಲೇ ಪಾರಾಗಬಲ್ಲೆವು ಎಂದವರು 2013ರ ಜಾಗತಿಕ ಸಮೀಕ್ಷೆಯಲ್ಲಿ ಶೇ 20 ಮಂದಿ ಅಂಗವಿಕಲರು ಮಾತ್ರ. ಹತ್ತು ವರ್ಷದ ಬಳಿಕ, 2023ರಲ್ಲಿ, ಮತ್ತೆ ಕೇಳಿದಾಗ ಶೇ 84 ಮಂದಿ ತಮಗೆ ಯಾವ ವೈಯಕ್ತಿಕ ಸಿದ್ಧತಾ ಯೋಜನೆಯೂ ಇಲ್ಲವೆಂದರು. ಶೇ 86 ಮಂದಿ ತಮ್ಮ ಊರಿನ ವಿಪತ್ತು ಯೋಜನೆಯಲ್ಲಿ ಎಂದೂ ಪಾಲ್ಗೊಂಡಿಲ್ಲವೆಂದರು. ಜಗತ್ತಿನ ಪ್ರತಿ ಆರು ಮಂದಿಯಲ್ಲಿ ಒಬ್ಬರು ಒಂದಲ್ಲ ಒಂದು ಬಗೆಯ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಬೇಕು.

ಭಾರತದ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬರೆದಾಗ ಈ ಯೋಚನೆಯೇ ಇರಲಿಲ್ಲ. ಪರಿಹಾರ ಹಂಚುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದು ಅದರ 61ನೇ ಕಲಂ ಪಟ್ಟಿಮಾಡಿತು. ಅಂಗವೈಕಲ್ಯ ಆ ಪಟ್ಟಿಗೆ ಬರಲಿಲ್ಲ. ಈ ಕೊರತೆ ತುಂಬಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ ಹಿಂದೆ ಜಾವೇದ್ ಅಬಿದಿಯವರಂಥವರ ದಶಕಗಳ ಬೀದಿ ಹೋರಾಟವಿತ್ತು. 2017ರ ಏಪ್ರಿಲಿನಲ್ಲಿ ಜಾರಿಗೆ ಬಂದ ಆ ಕಾಯ್ದೆಯ 8ನೇ ಕಲಂ ಸ್ಪಷ್ಟವಾಗಿದೆ. ರಾಷ್ಟ್ರ, ರಾಜ್ಯ ವಿಪತ್ತು ಪ್ರಾಧಿಕಾರಗಳು ತಮ್ಮ ಕೆಲಸದಲ್ಲಿ ಅಂಗವಿಕಲರನ್ನು ಒಳಗೊಳ್ಳಬೇಕು. ಜಿಲ್ಲಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡು ಅಪಾಯದ ಸುದ್ದಿಯನ್ನು ಅವರಿಗೆ ಮುಟ್ಟಿಸಬೇಕು. ಪುನರ್ನಿರ್ಮಾಣ ಮಾಡುವಾಗ ರಾಜ್ಯದ ಅಂಗವಿಕಲರ ಆಯುಕ್ತರನ್ನು ಕೇಳಬೇಕು. 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೆಂದೇ ವಿವರವಾದ ಮಾರ್ಗಸೂಚಿ ಪ್ರಕಟಿಸಿತು.

ಮಾರ್ಗಸೂಚಿಗಳ ಹಣೆಬರಹವೇ ಬೇರೆ. ಅವು ಮಾಡಿದರೆ ಒಳ್ಳೆಯದು ಎನ್ನುತ್ತವೆ, ಮಾಡದಿದ್ದರೆ ಯಾರೂ ಕೇಳುವುದಿಲ್ಲ. 2024ರ ನವೆಂಬರ್ 8ರ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೈಯಿಟ್ಟದ್ದು ಈ ದೌರ್ಬಲ್ಯಕ್ಕೇ. ಕಟ್ಟಡ, ಸಾರಿಗೆ, ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕೆಂಬ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟ ನಿಯಮ ಕಾಯ್ದೆಗೆ ವಿರುದ್ಧ ಎಂದ ನ್ಯಾಯಾಲಯ, ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಆಶ್ರಯ ಕೇಂದ್ರವಾಗುವ ಪ್ರತಿ ಶಾಲೆ, ಪ್ರತಿ ಸಮುದಾಯ ಭವನಕ್ಕೂ ಈ ತೀರ್ಪು ತಾಗುತ್ತದೆ.

ಕರ್ನಾಟಕದ ಕೈಯಲ್ಲಿರುವುದು

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆಗಿನ ಗಣತಿ ಎಣಿಸಿದ್ದಕ್ಕಿಂತ 2016ರ ಕಾಯ್ದೆ ಗುರುತಿಸಿದ 21 ಬಗೆಯ ವ್ಯಾಪ್ತಿ ಹಿರಿದು. ಆದ್ದರಿಂದ ಇಂದಿನ ಸಂಖ್ಯೆ ಅದಕ್ಕಿಂತ ಹೆಚ್ಚೇ ಇರಬೇಕು. ವಿಪತ್ತುಗಳಿಗೇನೂ ಕೊರತೆಯಿಲ್ಲ. 2009ರ ಉತ್ತರ ಕರ್ನಾಟಕದ ನೆರೆ, 2018ರ ಕೊಡಗಿನ ಭೂಕುಸಿತ, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯಿಂದ ಕೊಡಗಿನವರೆಗೆ ಉಕ್ಕಿದ ಹೊಳೆಗಳು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದವರು, ಹೀಗೆ ಪಟ್ಟಿ ಉದ್ದವಿದೆ. ಕೃಷ್ಣೆಗೆ ನೀರು ಬಿಟ್ಟರೆ ರಾಯಚೂರಿನ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಸತ್ತ ಬೆಂಕಿ ನಮ್ಮ ಎತ್ತರದ ಕಟ್ಟಡಗಳ ತುರ್ತು ದಾರಿಗಳ ಬಣ್ಣ ಬಯಲು ಮಾಡಿತ್ತು. ಗಟ್ಟಿ ಕಾಲಿನವರೇ ಇಳಿಯಲಾಗದ ಮೆಟ್ಟಿಲಲ್ಲಿ ಉಳಿದವರ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ರಾಜ್ಯ ಬರಿಗೈಯಲ್ಲಿ ನಿಂತಿಲ್ಲ. ಬೇರೆ ಎಷ್ಟೋ ಕಡೆ ಇಲ್ಲದ ಒಂದು ವ್ಯವಸ್ಥೆ ಇಲ್ಲಿದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು. ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು, ಯುಆರ್‌ಡಬ್ಲ್ಯು ಎಂದೇ ಇವರು ಊರಿನಲ್ಲಿ ಪರಿಚಿತರು. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಪಿಂಚಣಿ ಅರ್ಜಿಯಿಂದ ಹಿಡಿದು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನವರೆಗೆ ಎಲ್ಲದಕ್ಕೂ ಓಡಾಡುವವರು ಇವರೇ. ಯಾವ ಓಣಿಯ ಯಾವ ಮನೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಹುಡುಗನಿದ್ದಾನೆ ಎಂಬುದು ಇವರಿಗೆ ಗೊತ್ತು. ಬೆಪ್ಪು ನಗರ ಕಷ್ಟಪಟ್ಟು ಕಟ್ಟಿದ ಕೊಂಡಿ ಇಲ್ಲಿ ಮೊದಲೇ ಇದೆ. ಆದರೆ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿ, ಸೇವಾ ಭದ್ರತೆ ಕೊಡಿ ಎಂದು ಇವರು ಬೆಂಗಳೂರಿಗೆ ಬಂದು ಧರಣಿ ಕೂತಿದ್ದಾರೆ. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಎತ್ತಿಡಬೇಕೆಂಬ ನಿಯಮವೂ ರಾಜ್ಯದಲ್ಲಿದೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಅಂಗವಿಕಲರ ಸಂಸ್ಥೆಯಿಂದ ಮೊದಲ್ಗೊಂಡು ಅನುಭವವುಳ್ಳ ಹಲವು ಸಂಘಟನೆಗಳು ಬೆಂಗಳೂರಿನಲ್ಲೇ ಇವೆ.

ಕೊಂಡಿ ಕೂಡಬೇಕಾದ ಜಾಗ ಜಿಲ್ಲಾಧಿಕಾರಿಯ ಕಚೇರಿ. ವಿಪತ್ತು ಕಾಯ್ದೆಯ 25ನೇ ಕಲಂ ಪ್ರಕಾರ ಜಿಲ್ಲಾ ಪ್ರಾಧಿಕಾರದಲ್ಲಿ ಅಧ್ಯಕ್ಷರಲ್ಲದೆ ಹೆಚ್ಚೆಂದರೆ ಏಳು ಸದಸ್ಯರು. ಅಧ್ಯಕ್ಷ ಸ್ಥಾನ ಜಿಲ್ಲಾಧಿಕಾರಿಯದು. ಪೊಲೀಸ್ ವರಿಷ್ಠಾಧಿಕಾರಿಗೂ ಆರೋಗ್ಯಾಧಿಕಾರಿಗೂ ಜಾಗ ಖಾತ್ರಿ. ಇನ್ನಿಬ್ಬರು ಜಿಲ್ಲಾ ಮಟ್ಟದ ಅಧಿಕಾರಿಗಳನ್ನು ರಾಜ್ಯ ಸರ್ಕಾರ ನೇಮಿಸಬಹುದು. ಅವರಲ್ಲಿ ಒಬ್ಬರು ಅಂಗವಿಕಲರ ಕಲ್ಯಾಣಾಧಿಕಾರಿ ಆಗಬೇಕೆಂದು ಕಾಯ್ದೆ ಹೇಳುವುದಿಲ್ಲ, ಆಗಬಾರದೆಂದೂ ಹೇಳುವುದಿಲ್ಲ. ಒಂದು ಸರ್ಕಾರಿ ಆದೇಶದಲ್ಲಿ ಮುಗಿಯುವ ಕೆಲಸ ಇದು.

ಪ್ರತಿ ಬೇಸಿಗೆಯ ಕೊನೆಗೆ ಜಿಲ್ಲೆ, ತಾಲ್ಲೂಕುಗಳಲ್ಲಿ ಮುಂಗಾರು ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಎಷ್ಟು ದೋಣಿ, ಎಷ್ಟು ಮರಳು ಚೀಲ, ಯಾವ ಶಾಲೆ ಕಾಳಜಿ ಕೇಂದ್ರ ಎಂಬ ಲೆಕ್ಕ ಅಲ್ಲಿ ಆಗುತ್ತದೆ. ಆ ಸಭೆಗೆ ವಿಆರ್‌ಡಬ್ಲ್ಯುಗಳನ್ನೂ ಅಂಗವಿಕಲರ ಸಂಘಗಳ ಪ್ರತಿನಿಧಿಗಳನ್ನೂ ಕರೆಯಬೇಕು. ಕಾಳಜಿ ಕೇಂದ್ರಕ್ಕೆ ಶಾಲೆ ಆರಿಸುವಾಗ ಗಾಲಿಕುರ್ಚಿಯವರೊಬ್ಬರು ಆ ಶೌಚಾಲಯದೊಳಗೆ ಹೋಗಿ ಬಂದು ಒಪ್ಪಿಗೆ ಕೊಡಬೇಕು. ನೆರವು ಬೇಕಾದ ಪ್ರತಿ ಮನೆಗೂ ಬಾಗಿಲು ತಟ್ಟುವ ಇಬ್ಬರು ನೆರೆಯವರ ಹೆಸರು, ಆ ಮನೆಯವರ ಒಪ್ಪಿಗೆಯೊಂದಿಗೆ, ಪಂಚಾಯಿತಿಯಲ್ಲಿ ಬರೆದಿರಬೇಕು. ಅಣಕು ಕಾರ್ಯಾಚರಣೆಯಲ್ಲಿ ಪೊಲೀಸರನ್ನೋ ಹೋಂಗಾರ್ಡ್‌ಗಳನ್ನೋ ‘ಅಂಗವಿಕಲ’ರಂತೆ ಮಲಗಿಸುವುದು ಬಿಟ್ಟು, ನಿಜವಾದ ಅಂಗವಿಕಲರನ್ನು ಕರೆದು ಅವರು ಹೇಳಿದಂತೆ ಅಭ್ಯಾಸ ಮಾಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, 2016ರ ಕಾಯ್ದೆಯ 8ನೇ ಕಲಂ ಸಾಕು. ಮುಂದಿನ ಮುಂಗಾರು ಸಭೆಯ ಹಾಜರಿ ಪುಸ್ತಕದಲ್ಲಿ ಅಂಗವಿಕಲರ ಸಹಿ ಇದೆಯೇ ಎಂದು ಓದುಗರು ತಮ್ಮ ತಮ್ಮ ತಹಶೀಲ್ದಾರರನ್ನು, ಪಿಡಿಒಗಳನ್ನು ಕೇಳಲಿ. ಉತ್ತರ ಇಲ್ಲ ಎಂದಾದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲಿ.